ಪಂಚರ್ ದೊಡ್ಡಪ್ಪನ ಕೈ

ಪಂಚರ್ ಅಂಗಡಿಯವನನ್ನು ಬೀದಿಯವರೆಲ್ಲ ದೊಡ್ಡಪ್ಪ ಎನ್ನುತ್ತಿದ್ದರು, ಅವನ ತಮ್ಮನ ಮಗಳು ಹಾಗೆ ಕರೆಯುತ್ತಿದ್ದಳೆಂದು. ಬೇರೇನಾದರೂ ಅಂದರೆ ಹಲ್ಲು ಉಳಿಯುವ ಭರವಸೆ ಇರಲಿಲ್ಲ. ಮೂಗಿನ ತುದಿಯಲ್ಲೇ ಕೋಪ. ಮೊದಲು ಕೈ, ಆಮೇಲೆ ಬಾಯಿ. ವಿಚಾರಣೆ ಎಂಬುದೊಂದಿದ್ದರೆ ಅದಾದ ಮೇಲೆ. ಲಾರಿ ಡ್ರೈವರೊಬ್ಬನ ಮೂಗು ಮುರಿದಿದ್ದ, ಮನೆ ಮಾಲೀಕನನ್ನು ಮೆಟ್ಟಿಲಿಂದ ಉರುಳಿಸಿದ್ದ.

ಎಲ್ಲರಿಗಿಂತ ಹೆಚ್ಚು ಏಟು ತಿಂದವನು ಒಡಹುಟ್ಟಿದ ತಮ್ಮನೇ. ಅವನಿಗೆ ಸೊಲ್ಯೂಷನ್ ಮೂಸುವ ಚಟ. ಪಂಚರ್ ಹಾಕುವ ಅಂಟನ್ನೇ ಬಟ್ಟೆಗೆ ಹಿಂಡಿ ಮೂಗಿಗೊತ್ತಿಕೊಳ್ಳುತ್ತಿದ್ದ. ಬಿಡಿಸುತ್ತೇನೆಂದು ದೊಡ್ಡಪ್ಪ ಅವನನ್ನು ಗಾಳಿ ತುಂಬುವ ಕಂಪ್ರೆಸರಿಗೆ ಕಟ್ಟಿ ಹಳೇ ಟೈರಿನ ಪಟ್ಟಿಯಿಂದ ಬಾರಿಸಿದ. ಬಿಚ್ಚಿಕೊಂಡು ಓಡಿದವನು ಮರುದಿನ ಚರಂಡಿಯಲ್ಲಿ ಹೆಣವಾಗಿ ಸಿಕ್ಕ. ಹೊಡೆದದ್ದು ಹೆಚ್ಚಾಯಿತು ಎಂದರು ಜನ. ಕಡಿಮೆಯಾಯಿತು ಎಂದುಕೊಂಡ ಇವನು. ಮಗಳನ್ನು ಹೆತ್ತವಳು ಮೊದಲೇ ಕಣ್ಣು ಮುಚ್ಚಿದ್ದಳು, ತಮ್ಮನ ಕೂಸು ಇವನ ಮಡಿಲಿಗೆ ಬಿತ್ತು.

ಆ ಕೂಸಿಗೆ ಈಗ ಹದಿನೈದು. ತರಗತಿಯ ಮೂವರು ಹುಡುಗರು ಸೊಲ್ಯೂಷನ್ ಮೂಸಿ ಬಿದ್ದದ್ದನ್ನು ಕಂಡು, ಅವಳೂ ಐದಾರು ಗೆಳತಿಯರೂ ಗುಂಪು ಕಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿ ಅಂಗಡಿ ಸುತ್ತಿ, ಮಕ್ಕಳಿಗೆ ಸೊಲ್ಯೂಷನ್, ಪೇಂಟಿಗೆ ಬೆರೆಸುವ ಥಿನ್ನರ್ ಮಾರುವುದಿಲ್ಲ ಎಂದು ಸಹಿ ಹಾಕಿಸುವುದು. ಶನಿವಾರ ಬೀದಿಯವರನ್ನೆಲ್ಲ ಶಾಲೆಯ ಅಂಗಳಕ್ಕೆ ಕರೆಸಿ, ಯಾರು ಎಲ್ಲಿ ಮಾರುತ್ತಾರೆಂದು ಬಾಯಿಬಿಡಿಸುವುದು. ದೊಡ್ಡಪ್ಪನ ಎದೆ ಉಬ್ಬಿತು. ಸಹಿ ಮಾತ್ರ ಹಾಕಲಿಲ್ಲ.

“ನನ್ನನ್ನೇ ಕೇಳ್ತೀಯಾ? ನಾನು ಪಂಚರ್ ಹಾಕೋನು ಕಣೇ, ವಿಷ ಮಾರೋನಲ್ಲ.”

ಶುಕ್ರವಾರ ಸಂಜೆ ಹುಡುಗಿ ಹುಬ್ಬು ಸೀಳಿಕೊಂಡು ಬಂದಳು. ಕಟ್ಟಿದ ಬಟ್ಟೆ ರಕ್ತದಲ್ಲಿ ತೊಯ್ದಿತ್ತು.

“ಯಾವನೇ ಅವನು?”

“ಪೇಂಟ್ ಅಂಗಡಿ ಮುಂದೆ...”

ಉಳಿದದ್ದು ಕೇಳಲು ಅವನು ಅಲ್ಲಿರಲಿಲ್ಲ. ಟೈರ್ ಬಿಚ್ಚುವ ಕಬ್ಬಿಣದ ಲಿವರ್ ಕೈಯಲ್ಲಿತ್ತು.

ಪೇಂಟ್ ಅಂಗಡಿಯ ಮುದುಕ ಡಬ್ಬದ ಮುಚ್ಚಳ ಒತ್ತುತ್ತಿದ್ದ. ಮೊದಲ ಏಟಿಗೆ ಮಣಿಕಟ್ಟು ಮುರಿಯಿತು. ಎರಡನೆಯದು ಭುಜಕ್ಕೆ. ಕಪಾಟು ಉರುಳಿ ಬಿಳಿ ಬಣ್ಣ ನೆಲದ ತುಂಬ ಹರಿಯಿತು, ಮುದುಕ ಅದರಲ್ಲೇ ಬಿದ್ದ. ಮೂರನೆಯದು ಬೆನ್ನಿಗೆ. ನಾಲ್ಕನೆಯದಕ್ಕೆ ಪಕ್ಕೆಲುಬು ಲಟಕ್ಕೆಂದಿತು. ಬೀದಿಗೆ ಬೀದಿಯೇ ನಿಂತು ನೋಡಿತು. ತಡೆಯುವ ಎದೆಗಾರಿಕೆ ಒಬ್ಬನಿಗೂ ಇರಲಿಲ್ಲ.

ಹುಡುಗಿ ಓಡಿ ಬಂದು ಲಿವರಿಗೆ ಜೋತುಬಿದ್ದಳು. “ಬಿಡು ದೊಡ್ಡಪ್ಪಾ! ಗಾಯ ತೊಳೆದು ಬಟ್ಟೆ ಕಟ್ಟಿದ್ದೇ ಈ ತಾತ! ಹೊಡೆದೋನು ನಮ್ಮ ಕ್ಲಾಸಿನ ಹುಡುಗ. ಸೊಲ್ಯೂಷನ್ ಕಿತ್ಕೊಂಡು, ಎಲ್ಲಿ ಸಿಕ್ತು ಅಂತ ಕೇಳ್ದೆ. ನಿಮ್ಮ ದೊಡ್ಡಪ್ಪನ ಅಂಗಡೀಲೇ ಅಂದ, ಕಲ್ಲಲ್ಲಿ ಹೊಡೆದ.”

ಯಾವ ಹುಡುಗನೆಂದು ದೊಡ್ಡಪ್ಪನಿಗೆ ತಟ್ಟನೆ ಹೊಳೆಯಿತು. ದಿನ ಬಿಟ್ಟು ದಿನ ಬಂದು, ಸೈಕಲ್ ಪಂಚರ್, ನಾನೇ ಹಾಕ್ಕೋತೀನಿ ಎಂದು ಸೊಲ್ಯೂಷನ್ ಕೊಂಡೊಯ್ಯುತ್ತಿದ್ದ. ಸೈಕಲನ್ನು ಒಂದು ದಿನವೂ ತಂದಿರಲಿಲ್ಲ. ಚಕ್ರ ಎಲ್ಲಿ ಎಂದು ಕೇಳುವಷ್ಟು ಬುದ್ಧಿ, ತಮ್ಮನನ್ನು ಮಣ್ಣು ಮಾಡಿ ಬಂದ ಮೇಲೂ ಈ ಪುಣ್ಯಾತ್ಮನಿಗೆ ಬಂದಿರಲಿಲ್ಲ.

ಪೊಲೀಸಿನವನು ಬಂದ. ಯಾರು ಹೊಡೆದದ್ದು ಎಂದರೆ ಎಲ್ಲರ ಬಾಯಿಗೂ ಬೀಗ. ಸ್ವತಃ ಮುದುಕನೇ ನರಳುತ್ತ, “ಜಾರಿ ಬಿದ್ದೆ ಸಾರ್,” ಎಂದ. ನಾಳೆಯೂ ಇದೇ ಬೀದಿಯಲ್ಲಿ ಬದುಕಬೇಕಲ್ಲ.

“ನೀನು ನೋಡಿದ್ಯೇನಮ್ಮ?”

ಇಲ್ಲ ಎಂದರೆ ಮುಗಿಯಿತು. ಹೂಂ ಎಂದರೆ ದೊಡ್ಡಪ್ಪ ಲಾಕಪ್ಪಿಗೆ, ರಾತ್ರಿ ಮನೆಯಲ್ಲಿ ಅವಳೊಬ್ಬಳೇ. ದೊಡ್ಡಪ್ಪ ಅವಳ ಕಿವಿಯ ಬಳಿ ಬಗ್ಗಿದ. “ಜಾರಿ ಬಿದ್ರು ಅಂತ ಹೇಳು ಪುಟ್ಟಿ.” ಅವನಿಗೆ ಹೆದರಿಕೆಯಾಗಿತ್ತು.

“ಕಂಡದ್ದು ಹೇಳಿ ಅಂತ ನಾಳೆ ಎಲ್ಲರನ್ನೂ ಕೇಳೋಳು ನಾನೇ ದೊಡ್ಡಪ್ಪ,” ಎಂದಳು ಹುಡುಗಿ. ಆಮೇಲೆ ಪೊಲೀಸಿನವನತ್ತ ತಿರುಗಿದಳು. “ಇವರೇ ಸಾರ್. ಆ ಲಿವರಿಂದ. ನಾಲ್ಕು ಏಟು.”

ಹದಿನೈದು ವರ್ಷ ಅವಳ ಮೇಲೆ ಒಮ್ಮೆಯೂ ಏಳದ ಕೈ ಎದ್ದಿತು. ಕೆನ್ನೆಗೆ ಬಿದ್ದ ಹೊಡೆತಕ್ಕೆ ಬಟ್ಟೆ ಕಳಚಿ ಹುಬ್ಬಿನ ಗಾಯ ಮತ್ತೆ ಬಿಚ್ಚಿಕೊಂಡಿತು.

ಹುಡುಗಿ ಗೋಡೆ ಹಿಡಿದು ನಿಂತಳು. ಅಳುತ್ತಲೇ ಹೇಳಿದಳು:

“ಐದು ಅಂತ ಬರ್ಕೊಳ್ಳಿ ಸಾರ್.”