ಶಟರ್ ಎಳೆದುಕೊಂಡು ಗಾಡಿ ಕೇಳುತ್ತಿದ್ದವರು

ಕಳೆದ ವಾರ ಹೊಸ ವ್ಯಾನನ್ನು ಸರ್ವೀಸಿಗೆ ಬಿಟ್ಟು, ಅಲ್ಲಿಯ ಎಸಿ ಕೋಣೆಯಲ್ಲಿ ಕೂತಿದ್ದೆ. ಕಾಫಿ ಮಶೀನು, ಗೋಡೆಯ ಮೇಲೆ ಟಿವಿ, ಕೈಯಲ್ಲಿ ಟೋಕನ್ನು. ಯಾರೋ ಗಾಡಿ ರಿಪೇರಿಯ ಕಡೆಯ ಬಾಗಿಲು ತೆರೆದರು ನೋಡಿ, ಅರೆಬರೆ ಉರಿದ ಪೆಟ್ರೋಲಿನ ವಾಸನೆ ಭರ್ರನೆ ನುಗ್ಗಿತು. ಉಳಿದವರು ಮೂಗಿಗೆ ಕರವಸ್ತ್ರ ಹಿಡಿದು, ಬಾಗಿಲು ಹಾಕಿರಿ ಎಂದರು. ನಾನು ಮಾತ್ರ, ಹಾಕಬೇಡಿ, ತೆರೆದೇ ಇರಲಿ ಎಂದು ಮರಾಠಿಯಲ್ಲಿ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ನೋಡಲಿ, ನಾನು ಕಂಡದ್ದನ್ನು ಅವರು ಕಂಡಿಲ್ಲ.

ಆ ವಾಸನೆ ನನ್ನ ಪಾಲಿಗೆ ನಮ್ಮ ಮೇಸ್ತ್ರಿಕಾಕಾನದು. ಹಡಪಸರದಲ್ಲಿ, ಸೋಲಾಪುರ ರಸ್ತೆಯಿಂದ ನಮ್ಮ ಗಲ್ಲಿಗೆ ತಿರುಗುವಲ್ಲೇ ಅವರ ತಗಡಿನ ಗ್ಯಾರೇಜು ಇತ್ತು. ಅವರು ಬಾಗಲಕೋಟೆ ಕಡೆಯವರು, ನಾನು ಜಮಖಂಡಿಯವಳು. ಪುಣೆಗೆ ಬಂದು ಬಿದ್ದವರಿಗೆ ಸಂಬಂಧ ಬೆಳೆಸಲು ಅಷ್ಟು ಸಾಕು. ಅವರು ಕಾಕಾ ಆದರು, ಅವರ ಹೆಂಡತಿ ಕಾಕು ಆದರು. ನನ್ನದು ರೊಟ್ಟಿಯ ಧಂದೆ. ಬೆಳಗ್ಗೆ ಹೆಂಗಸರನ್ನು ಕೂಡಿಸಿ ಜೋಳದ ರೊಟ್ಟಿ ತಟ್ಟಿಸಿ, ಒಂದು ಹಳೇ ಪೆಟ್ರೋಲ್ ವ್ಯಾನಿನಲ್ಲಿ ಹೇರಿಕೊಂಡು ಖಾನಾವಳಿಗಳಿಗೆ, ಆಫೀಸಿನ ಮೆಸ್ಸುಗಳಿಗೆ ಮುಟ್ಟಿಸುತ್ತಿದ್ದೆ.

ಆ ವ್ಯಾನಿನ ರೋಗ ವಿಚಿತ್ರವಾಗಿತ್ತು. ಓಡುವಾಗ ಯಾವ ತಕರಾರೂ ಇಲ್ಲ. ನಿಂತಿತೋ, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ ಬಂದ್ ಬೀಳುತ್ತಿತ್ತು. ಹಡಪಸರದ ಗಾಡೀತಳ ಚೌಕದ ಸಿಗ್ನಲ್ಲಿನಲ್ಲಂತೂ ದಿನಾ ನನ್ನ ಮರ್ಯಾದೆ ಹರಾಜು. ಹಿಂದಿನ ರಿಕ್ಷಾದವರು ಅಂದದ್ದನ್ನು ಇಲ್ಲಿ ಬರೆಯಲಾರೆ. ನಾನು ತಿರುಗಿ ಅಂದದ್ದನ್ನಂತೂ ಬರೆಯಲೇಬಾರದು.

ಬೇರೆ ಮೆಕ್ಯಾನಿಕ್ಕುಗಳು ಇಂಥ ಗಾಡಿ ಬಂದರೆ ಸ್ಕ್ರೂ ತಿರುಗಿಸಿ ರೇಸ್ ಹೆಚ್ಚಿಸಿ ಕಳಿಸಿಬಿಡುತ್ತಿದ್ದರು. ಇಂಜಿನ್ನು ನಿಂತಲ್ಲೇ ಹೋ ಎಂದು ಕೂಗುತ್ತದೆ, ಬಂದ್ ಬೀಳುವುದಿಲ್ಲ, ಪೆಟ್ರೋಲು ಮಾತ್ರ ನೀರಿನಂತೆ ಖರ್ಚಾಗುತ್ತದೆ. ಕಾಕಾನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. “ಜ್ವರ ಬಂದವಗ ಓಡು ಅಂದ್ಹಂಗ ಆತು ಇದು. ನಿಂತಾಗ ಯಾಕ ನಡಗ್ತದ, ಅದನ್ನ ಹುಡುಕಬೇಕ,” ಎನ್ನುತ್ತಿದ್ದರು. ಹುಡುಕುವ ರೀತಿಯೂ ಅವರದೇ. ಇಂಜಿನ್ನು ಚೆನ್ನಾಗಿ ಬಿಸಿಯಾಗುವ ತನಕ ಚಾಲೂ ಬಿಟ್ಟು, ಬೀಡಿಯನ್ನು ಹೊರಗೇ ಎಸೆದು ಬಂದು, ಒಂದು ಮೊಳದ ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಇಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸುತ್ತಿದ್ದರು. ಎಲ್ಲೋ ಒಂದು ಕೊಳವೆ ಸೀಳಿ ಬೇಡದ ಗಾಳಿ ಎಳೆಯುತ್ತಿದ್ದರೆ ಅಲ್ಲಿ ಸಣ್ಣಗೆ ಸುಯ್ ಎನ್ನುತ್ತದಂತೆ. ಆ ಹೊತ್ತಿಗೆ ಯಾರೂ ಮಾತಾಡುವಂತಿಲ್ಲ. ರಸ್ತೆಯ ಗದ್ದಲ ಕೇಳಬಾರದೆಂದು ಶಟರನ್ನೂ ಅರ್ಧ ಎಳೆದುಕೊಳ್ಳುತ್ತಿದ್ದರು. ಹಿಂದೆ ದೊಡ್ಡ ಕಿಟಕಿಯಿತ್ತು, ಅದರಾಚೆ ಬಯಲು. ಹೊಗೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಆಮೇಲೆ ಆ ಬಯಲಿನಲ್ಲಿ ಬಿಲ್ಡಿಂಗು ಎದ್ದಿತು. ಅವರ ಕಾಂಪೌಂಡು ಗೋಡೆ ಕಿಟಕಿಗೆ ಅಂಟಿಕೊಂಡೇ ಮೇಲೆ ಹೋಯಿತು. ಮುಂದಿನ ರಸ್ತೆ ಅಗಲವಾಗಿ ಟ್ರಕ್ಕು, ಬಸ್ಸು ಗ್ಯಾರೇಜಿನ ಹೊಸ್ತಿಲಿಗೇ ಬಂದವು. ಹಿಂದೆ ಗಾಳಿ ಇಲ್ಲ, ಮುಂದೆ ಗದ್ದಲ. ಕಾಕಾ ಮಾಡಿದ್ದಿಷ್ಟೇ… ಅರ್ಧ ಎಳೆಯುತ್ತಿದ್ದ ಶಟರನ್ನು ಮುಕ್ಕಾಲು ಎಳೆಯತೊಡಗಿದರು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳಿದವರು ಕಾಕು. ರೊಟ್ಟಿ ಕೊಡಲು ಹೋದಾಗ ಸುಟ್ಟ ಕುಕ್ಕರನ್ನು ತಿಕ್ಕುತ್ತಾ ಕೂತಿದ್ದರು. “ಇವ್ರು ಬಾಜೂಕ ಕುಂತಿದ್ರವ್ವಾ. ಶಿಳ್ಳಿ ಹೊಡದದ್ದು ಕೇಳೇ ಇಲ್ಲಂತ. ಬ್ಯಾಳಿ ಕರಕಾತು,” ಎಂದು ಮೆಲ್ಲಗೆ ಹೇಳಿದರು. ಡಾಕ್ಟರು ಕಿವಿಗೆ ಮಶೀನು ಹಾಕಿಕೊಳ್ಳಿ ಎಂದಿದ್ದರಂತೆ, ಕಾಕಾ ಒಪ್ಪಿರಲಿಲ್ಲ. ನಾನು ಸುಮ್ಮನಿರುವ ಜಾತಿಯವಳಲ್ಲ, ನೇರ ಹೋಗಿ ಕೇಳಿದೆ. ಕಾಕಾ ಸಿಟ್ಟಾಗಲಿಲ್ಲ. ಕೈ ಒರೆಸಿಕೊಳ್ಳುತ್ತಾ, “ಕಿವ್ಯಾಗ ಮಶೀನ್ ಹಾಕ್ಕೊಂಡ ಮೇಸ್ತ್ರಿ ಕಡೆ ಯಾರವ್ವಾ ಗಾಡಿ ತರ್ತಾರ?” ಎಂದರು.

ಕಾಕುಗೆ ಕಿವಿಯ ಚಿಂತೆಗಿಂತ ಹೊಗೆಯ ಚಿಂತೆ ದೊಡ್ಡದಾಗಿತ್ತು. ಮಧ್ಯಾಹ್ನವಾದರೆ ಕಾಕಾನಿಗೆ ತಲೆ ಸಿಡಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ, ಒಮ್ಮೊಮ್ಮೆ ಎದ್ದು ನಿಂತವರು ಗೋಡೆ ಹಿಡಿದುಕೊಳ್ಳುತ್ತಿದ್ದರು. ಪಿತ್ತ ಎಂದು ಹೇಳಿ ಲಿಂಬೂ ಶರಬತ್ತು ಕುಡಿಯುತ್ತಿದ್ದರು. ಹೊರಗೆ ಬಂದು ಕೂತರೆ ಕಮ್ಮಿಯಾಗುವ ಪಿತ್ತ ಯಾವ ಲೋಕದ್ದು ಎಂದು ಕಾಕು ಕೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ, ಶಟರ್ ಪೂರ್ತಿ ಕೆಳಗಿಳಿಯದಂತೆ ಅದರ ಕೆಳಗೆ ತಾವೇ ಒಂದು ಕಲ್ಲು ತಂದಿಟ್ಟರು. ದಿನಾ ಬೆಳಗ್ಗೆ ದೇವರ ಪೂಜೆ ಮುಗಿಸಿ ಬಂದು, ಕಲ್ಲು ಇದೆಯೇ ಎಂದು ನೋಡಿ ಹೋಗುತ್ತಿದ್ದರು.

ನನ್ನ ವ್ಯಾನಿನ ನಡುಕ ಆ ವರ್ಷ ಮತ್ತೆ ಶುರುವಾಯಿತು. ಕಾಕಾ ಸರಿ ಮಾಡಿ ಕೊಡುವರು, ಸಿಗ್ನಲ್ಲಿನಲ್ಲಿ ಅದು ಮತ್ತೆ ಬಂದ್ ಬೀಳುವುದು. ಹಿಂದೆಂದೂ ಹಾಗಾಗಿರಲಿಲ್ಲ. ಪ್ಲಗ್ಗು ಬದಲಿಸಿದರು, ಕಾರ್ಬೋರೇಟರ್ ಬಿಚ್ಚಿ ತೊಳೆದರು, ಸ್ಕ್ರೂ ತಿರುಗಿಸಿ ಪೆಟ್ರೋಲು ಹೆಚ್ಚು ಬಿಟ್ಟು ನೋಡಿದರು. ಹೊಗೆ ಕಣ್ಣು ಉರಿಯುವಷ್ಟು ಗಾಢವಾಯಿತು, ನಡುಕ ನಿಲ್ಲಲಿಲ್ಲ. ಪೈಪನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತ ಅವರ ಮುಖದ ಮೇಲೆ ಹೆದರಿಕೆ ಕಾಣುತ್ತಿತ್ತು… ಈಗಲೂ ಆ ಮುಖ ನನ್ನ ಕಣ್ಣ ಮುಂದೆ ಇದೆ. ನನಗೇನೂ ಅವಸರವಿಲ್ಲ ಕಾಕಾ, ಟೆಂಪೋ ಹೇಳೀನಿ, ಇರ್ಲಿ ಬಿಡ್ರಿ ಎಂದೆ. “ಇವತ್ತ ಇದನ್ನ ಬಿಡಂಗಿಲ್ಲ,” ಎಂದರು.

ಗಣಪತಿ ಹಬ್ಬ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಪುಣೆಯಲ್ಲಿ ಸಂಜೆಯಾದರೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಢೋಲು ತಾಶಾದ ಪ್ರಾಕ್ಟೀಸು. ನಮ್ಮ ಗಲ್ಲಿಯ ಎದುರಿನ ಮೈದಾನದಲ್ಲೂ ಶುರುವಾಗಿತ್ತು. ಒಂದೊಂದು ಪೆಟ್ಟಿಗೂ ತಗಡು ನಡುಗುತ್ತಿತ್ತು. ಕಾಕಾ ಹಾಗೆಂದ ದಿನವೇ ಕಾಕು ತಳೇಗಾಂವಕ್ಕೆ, ತವರು ಕಡೆಯವರ ಗೃಹಪ್ರವೇಶಕ್ಕೆ ಹೋಗಿದ್ದರು. ಹೋಗುವ ಮುಂಚೆ ಕಲ್ಲನ್ನು ನೋಡಿಯೇ ಹೋಗಿದ್ದರು.

ನಾನು ದೀಪ ಹಚ್ಚುವ ಹೊತ್ತಿಗೆ ಗ್ಯಾರೇಜಿನ ಕಡೆ ಬಂದೆ. ಶಟರ್ ನೆಲಕ್ಕೆ ಮುಟ್ಟಿತ್ತು. ಕಲ್ಲು ಹೊರಗೆ ಬಿದ್ದಿತ್ತು. ಬೀಗ ಇರಲಿಲ್ಲ. ಕೂಗಿದೆ, ಕೈ ನೋಯುವಂತೆ ಬಡಿದೆ. ಢೋಲಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಪಕ್ಕದ ಚಹಾದ ಅಂಗಡಿಯವರನ್ನು ಎಳೆದುಕೊಂಡು ಬಂದು, ಇಬ್ಬರೂ ಸೇರಿ ಶಟರ್ ಎತ್ತಿದೆವು. ಒಳಗಿನ ಗಾಳಿ ಮೈಮೇಲೆ ಬಂತು.

ಕಾಕಾ ವ್ಯಾನಿಗೆ ಒರಗಿ ನೆಲಕ್ಕೆ ಕೂತಿದ್ದರು. ರಬ್ಬರ್ ಪೈಪು ಇನ್ನೂ ಕೈಯಲ್ಲಿತ್ತು. ಮುಖ ಕೆಂಪಗೆ, ಆರೋಗ್ಯವಂತರ ಮುಖದ ಹಾಗಿತ್ತು. ಇಂಜಿನ್ನು ತಾನಾಗಿ ಬಂದ್ ಬಿದ್ದಿತ್ತು, ಚಾವಿ ಮಾತ್ರ ಚಾಲೂ ಇತ್ತು. ಎಷ್ಟು ಸಲ ಬಂದ್ ಬಿದ್ದಿತೋ, ಎಷ್ಟು ಸಲ ಅವರು ಎದ್ದು ಮತ್ತೆ ಚಾಲೂ ಮಾಡಿದರೋ… ಆಸ್ಪತ್ರೆಯಲ್ಲಿ ಹೇಳಿದರು, ಆ ವಿಷದ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಹೊಗೆಯೊಳಗೆ ಸೇರಿಕೊಂಡು ಬರುತ್ತದೆ ಎಂದು. ಜೀವ ಹೋಗುವಾಗ ನಿದ್ದೆ ಬಂದಂತೆ ಆಗಿರಬೇಕು ಎಂದೂ ಹೇಳಿದರು. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ಪೊಲೀಸರ ಪಂಚನಾಮೆ ಮುಗಿದು ವ್ಯಾನು ನನ್ನ ಕೈಗೆ ಬಂತು. ಗಾಡೀತಳದ ಸಿಗ್ನಲ್ಲಿನಲ್ಲಿ ನಿಲ್ಲಿಸಿದೆ. ಗಡಗಡ ನಡುಗಿತು, ಬಂದ್ ಬಿತ್ತು. ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಅವತ್ತು ನಾನು ಯಾರಿಗೂ ತಿರುಗಿ ಬೈಯಲಿಲ್ಲ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ.

ದೂಡಿಸಿಕೊಂಡು ಹೋಗಿ ಹತ್ತಿರದ ಇನ್ನೊಂದು ಗ್ಯಾರೇಜಿಗೆ ಬಿಟ್ಟೆ. ಅಲ್ಲಿದ್ದವನು ಬಾನೆಟ್ ಎತ್ತಿ, ಚಾಲೂ ಮಾಡಿಸಿ, ಅಲ್ಲೇ ರಸ್ತೆಯ ಬದಿಯಲ್ಲಿ ನಿಂತುಕೊಂಡೇ ನಕ್ಕ. “ಶಿಟ್ಟೀ ವಾಜತೇಯ್ ಕೀ ತಾಈ, ಐಕೂ ಯೇತ ನಾಹೀ ಕಾ?” ಎಂದ. ಶಿಳ್ಳೆ ಹೊಡೀತಾ ಇದೆಯಲ್ಲ, ಕೇಳಿಸೋದಿಲ್ವಾ ಎಂದು. ಬಗ್ಗಿ ಕೇಳಿದೆ. ನಿಜ. ಬ್ರೇಕಿನ ಕಡೆ ಹೋಗುವ ರಬ್ಬರ್ ಕೊಳವೆ ಕೆಳಗಡೆ ಸೀಳಿತ್ತು. ಅಷ್ಟು ಗದ್ದಲದಲ್ಲೂ, ಏನೂ ತಿಳಿಯದ ನನ್ನ ಕಿವಿಗೂ ಆ ಶಿಳ್ಳೆ ಸ್ಪಷ್ಟವಾಗಿ ಕೇಳಿಸಿತು. ಶಟರ್ ಮುಚ್ಚುವ ಅಗತ್ಯವೇ ಇರಲಿಲ್ಲ. ನನಗೆ ಕಾಕಾನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದುರಿಗಿದ್ದಿದ್ದರೆ ಹಿರಿಯರು ಎಂದೂ ನೋಡದೆ ಬೈಯುತ್ತಿದ್ದೆ.

ಕಾಕಾನ ದಿನಕರ್ಮ ಮುಗಿದ ದಿನ, ನೆಂಟರೆಲ್ಲ ಉಂಡು ಎದ್ದ ಮೇಲೆ ಕಾಕು ನನ್ನನ್ನು ಒಳಗೆ ಕರೆದರು. ಏನೋ ಕೇಳಬೇಕು, ಕೇಳಲು ಧೈರ್ಯವಿಲ್ಲ ಎನ್ನುವ ಹಾಗೆ ಸೆರಗಿನ ತುದಿ ಸುತ್ತುತ್ತಾ ನಿಂತರು. “ಗಾಡಿ ಛಲೋ ಆತೇನವ್ವಾ?” ಎಂದರು.

“ಆತ್ರಿ ಕಾಕು,” ಎಂದೆ. “ಪೊಲೀಸರು ಬಿಟ್ಟ ದಿನಾನ ಗಾಡೀತಳದಾಗ ನಿಲ್ಲಿಸಿದ್ನಿರಿ, ಒಟ್ಟ ಅಲುಗಾಡ್ಲಿಲ್ಲ.”

ಅವರು ಅಲ್ಲೇ ಕುಸಿದು ಕೂತು, ಅಂದು ಮೊದಲ ಸಲ ಬಾಯಿಬಿಟ್ಟು ಅತ್ತರು.

ಗ್ಯಾರೇಜು ಇದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಕಾಕು ದೇಹೂ ರೋಡಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಕಳೆದ ವಾರ ಸರ್ವೀಸಿನಿಂದ ವ್ಯಾನು ಬಿಡಿಸಿಕೊಂಡವಳು ಮನೆಗೆ ಹೋಗಲಾರದೆ ಅಲ್ಲಿಗೇ ಹೋದೆ. ತಂಗಿಯ ಬೀಗರು ಬಂದು ಕೂತಿದ್ದರು. ಮಾತು ಅದು ಇದು ಸುತ್ತಿ ಕಾಕಾನ ಕಡೆಗೆ ಬಂತು. ನೀವು ಇದ್ದಿದ್ದರೆ ಕಲ್ಲು ತೆಗೆಯಗೊಡುತ್ತಿರಲಿಲ್ಲ ಎಂದು ಯಾರೋ ಅಂದರು. ಕಾಕು ಸೆರಗು ಸರಿಮಾಡಿಕೊಂಡು, “ನಮ್ಮವರ ಕಿವಿ ಕಡೀತನಕಾ ಭಾಳ ಛಲೋ ಇತ್ರಿ. ಆವತ್ತಿನ ಗಾಡಿನೂ ಸರಿ ಮಾಡೇ ಹೋದ್ರು. ಬೇಕಾದ್ರ ಇಕೀನ್ನ ಕೇಳ್ರಿ, ಇಕೀದ ಗಾಡಿ,” ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಹೌದ್ರಿ, ಎಂದೆ. ಬೀಗರು ತಲೆಯಾಡಿಸಿದರು. ಚಹಾ ಇಡುತ್ತೇನೆಂದು ಒಳಗೆ ಹೋದ ಕಾಕು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಎದ್ದು ಹೋಗಿ ನೋಡಿದೆ. ಒಲೆ ಹಚ್ಚಿರಲಿಲ್ಲ. ಕಿಟಕಿಯ ಎರಡೂ ಕದ ತೆರೆದು, ಹೊರಗಿನ ಗಾಳಿಗೆ ಮುಖವೊಡ್ಡಿ ನಿಂತಿದ್ದರು.