ಉಡದ ಪಟ್ಟು, ಕೌಜುಗದ ಕೂಗು

ನಮ್ಮ ಓನರಮ್ಮನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳಲ್ಲೇ ಅವರು ಅವರೆಕಾಯಿ ಸುಲಿಯುವ ವೇಗಕ್ಕೆ ನಾನು ಸಮ ಬರುತ್ತಿರಲಿಲ್ಲ. ಬಾಗಲೂರಿನ ಅವರ ಮಹಡಿಗೆ ನಾನೂ ನನ್ನ ಗಂಡನೂ ಬಾಡಿಗೆಗೆ ಬಂದಾಗ ಹಿಂದುಗಡೆ ಖಾಲಿ ಸೈಟು. ಅಲ್ಲಿನ ಪೊದೆಗಳಲ್ಲಿ ಕೌಜುಗದ ಹಕ್ಕಿಗಳು ನೆಲದ ಮೇಲೇ ಗುಡುಗುಡು ಓಡುತ್ತಿದ್ದವು. ಕಲ್ಲುಗುಡ್ಡೆಯಲ್ಲಿ ಗಜದುದ್ದದ ಒಂದು ಉಡವಿತ್ತು.

ಜನರನ್ನೆಲ್ಲ ಅವರು ಈ ಎರಡರಲ್ಲೇ ಅಳೆಯುತ್ತಿದ್ದರು. ಬೈಸಿಕೊಂಡು ಓಡಿ, ಮರುದಿನ ನಗುತ್ತ ಬರುವ ಹಾಲಿನವನು ಕೌಜುಗ. ಹಳೆಯ ಜಗಳ ಬಿಡದ ಮೈದುನ ಉಡ. ಜಗಲಿಯಲ್ಲಿ ಕೂತ ತಮ್ಮ ಯಜಮಾನರನ್ನೂ ಬಿಡುತ್ತಿರಲಿಲ್ಲ: "ಅಪ್ಪಟ ಉಡ ಕಣವ್ವ! ಇಡ್ಕಂಡ್ರೆ ಮುಗೀತು."

ನಾನು ಗದಗದ ಕಡೆಯವಳು. ಮದುವೆಯ ವಿಷಯಕ್ಕೆ ಅವ್ವನಿಗೂ ನನಗೂ ಮಾತು ಕಡಿದುಹೋಗಿತ್ತು. ಹೊಸ್ತಿಲು ತುಳಿಯಬೇಡ ಅಂದಿದ್ದಳು, ನಾನೂ ತುಳಿದಿರಲಿಲ್ಲ. ಆದರೆ ಬಸುರಿಯಾದಾಗ ಕುಬಸ ಆಗಬೇಕಲ್ಲ? ತವರಿನವರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಶಾಸ್ತ್ರ ಅದು. ಓನರಮ್ಮನನ್ನೇ ಕೇಳಿದೆ: "ನಮ್ಮವ್ವನ ಜಾಗದಾಗ ನೀವ ಕುಂದರ್ರೀ."

ಅವರು ಯಲಹಂಕಕ್ಕೆ ಹೋಗಿ ಬಳೆ ತಂದರು. ಖುಷಿಯಿಂದ ಕೈ ಚಾಚಿದೆ.

"ನಾನು ತೊಡ್ಸಲ್ಲ. ನಿಮ್ಮವ್ವ ಬಂದು ತೊಡ್ಸ್ಲಿ."

"ಆಕಿ ಬರೂದಿಲ್ರೀ. ನಾನೂ ಕರಿಯೂದಿಲ್ಲ."

"ನೋಡ್ದಾ, ಉಡದ ಬುದ್ಧಿ! ಪಟ್ಟು ಇಡ್ದು ಗೆಲ್ತದೆ, ಇರೋದು ಮಾತ್ರ ಒಂಟಿ. ಕೌಜುಗದ ಗುಂಪಿಗೆ ನಾಯಿ ನುಗ್ಗಿದ್ರೆ ಎಲ್ಲ ಚೆಲ್ಲಾಪಿಲ್ಲಿ. ಆಮೇಲೆ ಒಂದು ಕೂಗ್ತದೆ, ಇನ್ನೊಂದು ಓಗೊಡ್ತದೆ. ಮೊದ್ಲು ಕೂಗಿದ್ದಕ್ಕೆ ಅದ್ರ ಮಾನ ಓಯ್ತಾ?"

ನನಗೆ ಮೈಯೆಲ್ಲ ಉರಿಯಿತು. ಎಂಥ ಕಲ್ಲು ಮನಸ್ಸಿನ ಹೆಂಗಸಪ್ಪಾ ಎಂದುಕೊಂಡು ಬಾಗಿಲು ಹಾಕಿಕೊಂಡೆ. ಅವರೂ ಮೆಟ್ಟಿಲು ಹತ್ತಿ ಬರಲಿಲ್ಲ. ತುಂಬು ಹೊಟ್ಟೆ, ಗಂಡ ಕೆಲಸಕ್ಕೆ ಹೋದರೆ ಖಾಲಿ ಮನೆ. ಕೊನೆಗೆ ನಾನೇ ಫೋನ್ ಮಾಡಿದೆ. "ಅವ್ವಾ, ನಾ" ಅಂದೆ, ಅಷ್ಟೇ.

ಆ ಕಡೆಯಿಂದ ಅವ್ವ, "ಎಷ್ಟು ತಿಂಗಳು ನಡದಾವವಾ ನಿನಗ? ಊರಾಗ ಮಂದಿ ಹೇಳಿದ್ರು. ನೀ ಹೇಳಬಾರದೇನ?" ಅಂದಳು. ಇಬ್ಬರೂ ಗೋಳೋ ಎಂದು ಅತ್ತೆವು.

ಅವ್ವ ಬಂದಳು. ಓನರಮ್ಮ ಬಳೆಗಳನ್ನು ಅವಳ ಕೈಗಿತ್ತು, ಅಡುಗೆಮನೆಗೆ ಹೋಗಿ ಪಾಯಸ ಕಲಕುತ್ತ ನಿಂತರು.

ಹೋದ ವರ್ಷ ಓನರಮ್ಮ ತೀರಿಕೊಂಡರು. ಅವ್ವ ಸಿಕ್ಕ ಬಸ್ಸು ಹತ್ತಿ ಬಂದು ಅವರ ಕಾಲ ಬಳಿ ಕೂತಳು. "ನನ್ನ ಮಗಳ್ನ ನನಗ ಹೊಳ್ಳಿ ಕೊಟ್ಟಾಕಿ ನೀ, ಅಕ್ಕಾ" ಎಂದು ಬಿಕ್ಕಿದಳು. ಪಕ್ಕದಲ್ಲಿದ್ದ ನಾನು ಓನರಮ್ಮನ ಉಗುರಿಲ್ಲದ ಹೆಬ್ಬೆರಳನ್ನು ಹಿಡಿದುಕೊಂಡೆ. ಈಗ ಅವ್ವ ದಿನಾ ಫೋನ್ ಮಾಡುತ್ತಾಳೆ. ಮಾತು ಮುಗಿದ ಮೇಲೆ ಕೆಳಗಿನ ಮನೆಯ ಮುಚ್ಚಿದ ಬಾಗಿಲು ನೋಡುತ್ತೇನೆ. ಅವರನ್ನೂ ಒಂದು ಸಲ ಅವ್ವಾ ಅಂತ ಕರೆಯಬೇಕು ಅನ್ನಿಸುತ್ತದೆ.