ಬಿಟ್ಟುಬಿಟ್ಟ ಏಳನೇ ಪುಟ

1977ರ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಆಗ ನನಗೆ ಇಪ್ಪತ್ತಾರು ವರ್ಷ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ, ಅಂಚೆ ಕಚೇರಿಯ ಹತ್ತಿರದ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿಯೆಂದರೆ ಒಂದು ಜಗಲಿ, ಮೂರು ಯಂತ್ರ, ಒಂದು ಬೆಂಚು. ಮಾಲೀಕರು ಗದಗಿನ ಕಡೆಯವರು. ಅವರನ್ನು ಎಲ್ಲರೂ ಮಾಸ್ತರ್ ಎಂದೇ ಕರೆಯುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತು ಮಂಗಳೂರಿನಿಂದ ಬಂದಿದ್ದ ನನಗೆ ಕೆಲಸ ಕೊಟ್ಟವರು ಅವರೇ.

ಕೆಲಸ ಕೇಳಲು ಹೋದ ದಿನ ನಾನು ಅವರಿಗೆ ಒಂದು ಸುಳ್ಳು ಹೇಳಿದ್ದೆ. ನನ್ನ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಎಂದಿದ್ದೆ. ತಂದೆ ನಾನು ಮಗುವಾಗಿದ್ದಾಗಲೇ ತೀರಿಕೊಂಡಿದ್ದರು. ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವಳು ನನ್ನ ಅಮ್ಮ. ಸುಡುವ ಗೂಡಿನಿಂದ ತೆಗೆದ ಹೆಂಚನ್ನು ತಲೆಯ ಮೇಲೆ ಹೊರುವುದು ಅವಳ ಕೆಲಸ. ಮಾಸ್ತರ್ ಗಿರಾಕಿಗಳ ಮುಂದೆ, "ನಮ್ಮ ಹುಡುಗ ಸೂಪರ್‌ವೈಸರ್ ಮಗ ರೀ, ಶಿಸ್ತು ರಕ್ತದಾಗ ಅದ," ಎನ್ನುವಾಗ ನಾನು ತಲೆ ತಗ್ಗಿಸಿ ಕೀಲಿ ಒತ್ತುತ್ತಿದ್ದೆ. ಮೂರು ವರ್ಷದಿಂದ ಊರಿಗೂ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಅರವತ್ತರ ಆಸುಪಾಸಿನ ಪರದೇಶದ ಹೆಂಗಸೊಬ್ಬರು ಬಂದರು. ಹಾಲೆಂಡಿನವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನೂಲಿನ ಉದ್ದ ಅಂಗಿ, ಗಂಡಸರ ಚಪ್ಪಲಿ, ಹೆಗಲಿಗೆ ಕ್ಯಾಮೆರಾ. ಮಂಗಳೂರಿನಲ್ಲಿ ಮೂರು ವಾರ ಇದ್ದು ಬಂದಿದ್ದರಂತೆ. ಅಲ್ಲಿ ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದರು. ಒಟ್ಟು ಹನ್ನೊಂದು ಪುಟ. ಪುಟಗಳಿಗೆ ಸಂಖ್ಯೆ ಹಾಕಿರಲಿಲ್ಲ. ತಮ್ಮ ಹಳೆಯ ಶಾಲೆಗೆ ಕಳಿಸಲು ಮೂರು ಪ್ರತಿ ಬೇಕು, ಮರುದಿನ ಸಂಜೆ ಬೊಂಬಾಯಿಗೆ ರೈಲು ಎಂದರು.

ಮಾಸ್ತರ್ ಕಾಗದ ನನ್ನ ಮುಂದಿಟ್ಟರು. "ನಿಮ್ಮೂರಿನ ಪುರಾಣ ಅದ, ನೀನ ಹೊಡಿ."

ನಾನು ಹೆಮ್ಮೆಯಿಂದಲೇ ಶುರುಮಾಡಿದೆ. ಆಕೆ ಎಲ್ಲವನ್ನೂ ನೋಡಿದ್ದರು. ಎರಡು ಹೊಳೆ ಕೂಡಿ ಸಮುದ್ರ ಸೇರುವ ಜಾಗ, ಬಂದರಿನಲ್ಲಿ ಮೀನಿನ ಬುಟ್ಟಿಗಾಗಿ ಹೆಂಗಸರ ಜಗಳ, ಬಸ್ಸಿನ ಕಿಟಕಿಗೆ ಮಲ್ಲಿಗೆ ಚೆಂಡು ಚಾಚುವ ಕೈಗಳು, ಗುಡ್ಡದ ಮೇಲಿನಿಂದ ಕಾಣುವ ಕೆಂಪು ಹೆಂಚಿನ ಮಾಡುಗಳು. ಇಲ್ಲಿಯ ಬೆವರು ಒಣಗುವುದೇ ಇಲ್ಲ, ಹಾಗಾಗಿ ಯಾರೂ ಅದನ್ನು ಒರೆಸಿಕೊಳ್ಳುವುದೂ ಇಲ್ಲ ಎಂದು ಬರೆದಿದ್ದರು. ಓದಿ ನಕ್ಕೆ.

ಏಳನೇ ಪುಟಕ್ಕೆ ಬಂದಾಗ ಕೈ ನಿಂತಿತು.

"ಈ ಊರಿನ ಮಾಡುಗಳ ಕೆಂಪನ್ನು ನಾನು ಒಬ್ಬ ಹೆಂಗಸಿನ ಪಾದಗಳಲ್ಲಿಯೂ ಕಂಡೆ," ಎಂದು ಆ ಪುಟ ಶುರುವಾಗಿತ್ತು. ಹೆಂಚಿನ ಕಾರ್ಖಾನೆಯಲ್ಲಿ ಹೊರೆ ಇಳಿಸಿ ಕುಳಿತವಳು ತನ್ನ ಬುತ್ತಿಯಲ್ಲಿ ಅರ್ಧ ಇವರಿಗೆ ಕೊಟ್ಟಿದ್ದಳು. ಅವಳಾಡಿದ್ದನ್ನು ಅಲ್ಲಿಯ ಗುಮಾಸ್ತ ಇಂಗ್ಲಿಷಿನಲ್ಲಿ ಹೇಳಿದ್ದ. ಅವಳ ಮಗ ಬಾಬು ಪುಣೆಯಲ್ಲಿ ಇಂಗ್ಲಿಷ್ ಟೈಪ್ ಮಾಡುತ್ತಾನೆ. ಮೂರು ವರ್ಷದಿಂದ ಬಂದಿಲ್ಲ. ಅಲ್ಲಿ ಅವನಿಗೆ ಕುಚ್ಚಲಕ್ಕಿ ಸಿಗುತ್ತದೋ, ರೊಟ್ಟಿಯಲ್ಲೇ ದಿನ ಕಳೆಯುತ್ತಾನೋ, ನೋಡಿ ಬಂದು ಹೇಳಬೇಕು ಎಂದು ಅವಳು ಕೇಳಿಕೊಂಡಿದ್ದಳು. ಪುಟ ಮುಗಿಯುವುದು ಹೀಗೆ: "ಅವಳ ಫೋಟೋ ನನ್ನ ಚೀಲದಲ್ಲಿದೆ. ಮಗನನ್ನು ಹುಡುಕಿ ಅವನಿಗೆ ಕೊಡುತ್ತೇನೆ."

ಬಾಬು ಎನ್ನುವುದು ಅಮ್ಮ ನನ್ನನ್ನು ಕರೆಯುತ್ತಿದ್ದ ಹೆಸರು. ಪುಣೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಆದರೆ ಹೆಂಚಿನ ಕಾರ್ಖಾನೆ, ಟೈಪಿಂಗ್, ಮೂರು ವರ್ಷ ಎಂದರೆ ಮಾಸ್ತರಿಗೆ ಊಹಿಸಲು ಅಷ್ಟೇ ಸಾಕಿತ್ತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಟೈಪಾದ ಮೇಲೆ ಮಾಸ್ತರ್ ಮೂಲವನ್ನು ಗಟ್ಟಿಯಾಗಿ ಓದುವರು, ನಾವು ನಮ್ಮ ಪ್ರತಿಯನ್ನು ತಾಳೆ ನೋಡಬೇಕು. "ಗಿರಾಕಿ ತಪ್ಪು ಬರೆದ್ರೂ ತಪ್ಪೇ ಹೊಡೀಬೇಕು. ಅಕ್ಷರ ಅವರ್ದು, ಬಟ್ಟಷ್ಟ ನಮ್ದು," ಎಂದು ಬೆರಳು ಎತ್ತಿ ತೋರಿಸುತ್ತಿದ್ದರು. ಈ ಪುಟ ಅವರು ಓದಿದರೆ ಸೂಪರ್‌ವೈಸರ್ ಮಗನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆರನೇ ಪುಟ ಪೂರ್ಣ ವಾಕ್ಯದಲ್ಲಿ ಮುಗಿದಿತ್ತು, ಎಂಟನೆಯದು ಉಳ್ಳಾಲದ ಕಡಲಿನಿಂದ ಹೊಸದಾಗಿ ಶುರುವಾಗುತ್ತಿತ್ತು. ನಡುವಿನ ಹಾಳೆಯನ್ನು ಮಡಚಿ ಯಂತ್ರದ ಮೆತ್ತೆಯಡಿಗೆ ತುರುಕಿದೆ. ಸಂಜೆ ತಾಳೆ ನೋಡುವಾಗ ಮಾಸ್ತರಿಗೆ ಏನೂ ಗೊತ್ತಾಗಲಿಲ್ಲ.

ಮರುದಿನ ಹನ್ನೆರಡರ ಹೊತ್ತಿಗೆ ಆಕೆ ಬಂದರು. ಮುಖ ಬಿಸಿಲಿಗೆ ಕೆಂಪಾಗಿತ್ತು. ಪ್ರತಿಗಳನ್ನು ಎಣಿಸದೆ ಚೀಲಕ್ಕಿಟ್ಟು, "ಬೆಳಿಗ್ಗೆಯಿಂದ ಒಂಬತ್ತು ಟೈಪಿಂಗ್ ಅಂಗಡಿ ಹತ್ತಿದೆ. ನಿನ್ನೆ ಅವಸರದಲ್ಲಿ ನಿಮ್ಮನ್ನು ಕೇಳಲಿಲ್ಲ. ಮಂಗಳೂರಿನ ಬಾಬು ಅನ್ನುವವನು ಯಾರಿಗಾದರೂ ಗೊತ್ತೇ?" ಎಂದು ಕೇಳಿದರು.

"ಈ ಹುಡುಗನೂ ಮಂಗಳೂರಿನವನೇ," ಎಂದು ಮಾಸ್ತರ್ ನನ್ನತ್ತ ತೋರಿಸಿದರು.

ಆಕೆ ನನ್ನ ಹತ್ತಿರ ಬಂದು ಮುಖ ನೋಡಿದರು. ನನ್ನದು ಅಮ್ಮನದೇ ಮೂಗು. "ನಿನ್ನ ತಾಯಿ ಎಲ್ಲಿದ್ದಾರೆ?" ಎಂದರು.

"ತೀರಿಕೊಂಡಿದ್ದಾರೆ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಆದರೆ ನಾಲಿಗೆ ತಡವರಿಸಲೂ ಇಲ್ಲ. ಆಕೆ ನನ್ನ ಹೆಗಲ ಮೇಲೆ ಕೈಯಿಟ್ಟು, ಕೇಳಿದ್ದಕ್ಕೆ ಕ್ಷಮಿಸು ಎಂದು ಇಳಿದು ಹೋದರು. ಎದುರಿನ ಸಾಲಿನ ಇನ್ನೊಂದು ಟೈಪಿಂಗ್ ಅಂಗಡಿಯ ಮೆಟ್ಟಿಲು ಹತ್ತುವುದು ಕಂಡಿತು. ಅಲ್ಲಿಂದ ಇಳಿದು ಮತ್ತೊಂದಕ್ಕೆ ಹೋದರು.

ನಾನು ಬಾಡಿಗೆ ಕರಾರೊಂದನ್ನು ಟೈಪ್ ಮಾಡಲು ಕೂತೆ. ಒಂದೇ ಸಾಲನ್ನು ಎರಡು ಸಲ ಹೊಡೆದೆ. ಯಂತ್ರ ಅಲುಗಿದಾಗಲೆಲ್ಲ ಮೆತ್ತೆಯಡಿ ಹಾಳೆ ಸರಿದಂತಾಗುತ್ತಿತ್ತು. ನಾಲ್ಕರ ಹೊತ್ತಿಗೆ ತಡೆಯಲಾಗಲಿಲ್ಲ. ಹಾಳೆ ತೆಗೆದು ಮಾಸ್ತರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಕೆಲಸ ಹೋದರೆ ಹೋಗಲಿ, ಆಕೆಯನ್ನು ಕಾಣಲೇಬೇಕು ಎಂದು ನಿಶ್ಚಯಿಸಿದ್ದೆ.

ಅವರು ಕನ್ನಡಕ ಹಾಕಿಕೊಂಡು ಪುಟವನ್ನು ಪೂರ್ತಿ ಓದಿದರು. "ನಿಮ್ಮಪ್ಪ ಸೂಪರ್‌ವೈಸರ್ ಅಂತ ಇಟ್ಕೊಂಡಿದ್ನೇನು ನಿನ್ನ? ಬಟ್ಟು ನೋಡಿ ಇಟ್ಕೊಂಡೆ," ಎಂದರು. ಆಮೇಲೆ ದನಿ ಗಡುಸಾಯಿತು. "ಹಾಳಿ ತಗದದ್ದು ಮಾತ್ರ ಭಾಳ ತಪ್ಪು. ಅದರ ಬಗ್ಗೆ ಆಮ್ಯಾಲ ಮಾತಾಡೂಣು. ಸೈಕಲ್ ತಗೊಂಡು ಸ್ಟೇಷನ್ನಿಗೆ ಓಡು."

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು: "ಸತ್ತಾರ ಅಂತ ಸುಳ್ಳ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚತದ ಅಂತಾರ. ಅಳಬ್ಯಾಡ, ದಾರಿ ನೋಡ್ಕೊಂಡು ಹೋಗು."

ಸ್ಟೇಷನ್ನಿನಲ್ಲಿ ಬೊಂಬಾಯಿ ರೈಲು ಇನ್ನೂ ಬಂದಿರಲಿಲ್ಲ. ಬಿಳಿ ಹೆಂಗಸೊಬ್ಬರನ್ನು ಕಂಡೆಯಾ ಎಂದು ಒಬ್ಬ ಹಮಾಲನನ್ನು ಕೇಳಿದೆ. "ಗೋರಿ ಬಾಯಿ? ತೀ ಬಘಾ, ಪುಲಾಖಾಲೀ ಬಸಲೀಯ," ಎಂದು ಮೇಲ್ಸೇತುವೆಯ ಕೆಳಗೆ ಬೆರಳು ತೋರಿಸಿದ. ಆಕೆ ಪೆಟ್ಟಿಗೆಯ ಮೇಲೆ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದರು. ನಾನು ಹಾಳೆಯನ್ನು ಚಾಚಿ, "ಬಾಬು ನಾನೇ," ಎಂದೆ.

ಆಕೆ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರು. "ಹಾಗಾದರೆ ಅವರು ಬದುಕಿದ್ದಾರೆ," ಎಂದರು. ಬೈಯುವರೆಂದು ಕಾದೆ, ಬೈಯಲಿಲ್ಲ. ಚೀಲದಿಂದ ಫೋಟೋ ತೆಗೆದು ನನಗೆ ಕಾಣುವಂತೆ ಹಿಡಿದರು. ಅಮ್ಮ ಸೆರಗು ಸರಿಮಾಡಿಕೊಂಡು ನೇರವಾಗಿ ನೋಡುತ್ತಿದ್ದಳು. ಅವಳ ಫೋಟೋ ಅದುವರೆಗೆ ಯಾರೂ ತೆಗೆದಿರಲಿಲ್ಲ. ನಾನು ಕೈ ಚಾಚಿದೆ. ಆಕೆ ಅದನ್ನು ಹಿಂದಕ್ಕೆಳೆದುಕೊಂಡರು.

"ಸತ್ತವಳದ್ದಾಗಿದ್ದರೆ ಮಗನಿಗೆ ಕೊಡುತ್ತಿದ್ದೆ. ಬದುಕಿದವಳದ್ದು ಅವಳಿಗೇ ಸೇರಬೇಕು. ನಾಳೆ ಬೊಂಬಾಯಿಯಿಂದ ಅಂಚೆಗೆ ಹಾಕುತ್ತೇನೆ, ಜೊತೆಗೆ ಒಂದು ಪತ್ರ. ಮಗ ಸಿಕ್ಕಿದನೋ ಇಲ್ಲವೋ ಎಂದು ಅದರಲ್ಲಿ ಬರೆಯಬೇಕು. ಏನೆಂದು ಬರೆಯಲಿ?"

"ಸಿಕ್ಕಿದ ಎಂದು ಬರೆಯಿರಿ."

"ಹಾಗಿದ್ದರೆ ಆ ಪತ್ರ ತಲುಪುವ ಮೊದಲು ನೀನು ಅಲ್ಲಿರಬೇಕು. ಅವರಿಗೆ ಅದನ್ನು ಓದಿ ಹೇಳುವವನು ನೀನಾಗಿರಬೇಕು."

ರೈಲು ಬಂತು. ಪೆಟ್ಟಿಗೆ ಹತ್ತಿಸಿಕೊಟ್ಟೆ. ಆಕೆ ಏಳನೇ ಪುಟವನ್ನು ಕಿಟಕಿಯಿಂದ ನನಗೇ ಮರಳಿ ಕೊಟ್ಟು, "ಇದನ್ನೂ ಮೂರು ಪ್ರತಿ ಮಾಡಿ ಕಳಿಸು. ವಿಳಾಸ ಇದರ ಹಿಂಬದಿಯಲ್ಲಿ ಬರೆದಿದ್ದೇನೆ," ಎಂದರು.

ಆ ರಾತ್ರಿಯೇ ಟೈಪ್ ಮಾಡಿದೆ. ಮಾಸ್ತರ್ ಗಟ್ಟಿಯಾಗಿ ಓದಿದರು, ನಾನು ತಾಳೆ ನೋಡಿದೆ. ಬೆಳಿಗ್ಗೆ ಅದನ್ನು ಅಂಚೆಗೆ ಹಾಕಿ, ಅಮ್ಮನಿಗೆಂದು ಐದು ಸೇರು ಗೋಧಿಹಿಟ್ಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಬೆಳಗಾವಿಯಲ್ಲಿ ಬಸ್ಸು ಕೆಟ್ಟು ಅರ್ಧ ದಿನ ಹೋಯಿತು. ಹುಬ್ಬಳ್ಳಿಯಲ್ಲಿ ಸೀಟು ಸಿಗದೆ ಘಟ್ಟ ಇಳಿಯುವವರೆಗೂ ನಿಂತೇ ಬಂದೆ. ಅಂಚೆಯವನು ನನಗಿಂತ ಮುಂದೆ ಹೋಗಿಬಿಟ್ಟರೆ ಎನ್ನುವುದೊಂದೇ ಯೋಚನೆ.

ನಾನೇ ಮೊದಲು ತಲುಪಿದೆ. ಅಮ್ಮ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಣ್ಣ ಆಗಿದ್ದಿ ಮಾರಾಯ. ಅಲ್ಲಿ ಬರೀ ರೊಟ್ಟಿಯಾ?" ಎಂದು ಕೇಳಿದಳು.

ಎರಡು ದಿನದ ಮೇಲೆ ಲಕೋಟೆ ಬಂತು. ಅಮ್ಮ ಫೋಟೋ ನೋಡಿ, "ಇಷ್ಟು ಮುದುಕಿ ಆಗಿದ್ದೇನಾ ನಾನು?" ಎಂದು ನಕ್ಕು, ಪತ್ರವನ್ನು ನನ್ನ ಕೈಗಿಟ್ಟಳು. ಎರಡೇ ಸಾಲು. "ನಿಮ್ಮ ಮಗ ಸಿಕ್ಕಿದ. ಅವನು ಏನು ಊಟ ಮಾಡುತ್ತಾನೆಂದು ಕೇಳಲು ಮರೆತೆ, ನೀವೇ ಕೇಳಿ."

"ಅಷ್ಟೇಯಾ?" ಎಂದಳು ಅಮ್ಮ.

"ಅಷ್ಟೇ," ಎಂದೆ.

ಓದುವಾಗ ಒಂದಕ್ಷರ ಬಿಡಲಿಲ್ಲ. ಆದರೆ ಹೇಳಬೇಕಾಗಿದ್ದದ್ದು ಆ ಪತ್ರದಲ್ಲಿ ಇರಲಿಲ್ಲ. ಅದನ್ನು ಹೇಳಬೇಕಾದವನು ನಾನೇ ಆಗಿದ್ದೆ. 1980ರಲ್ಲಿ ಅಮ್ಮನನ್ನು ಪುಣೆಗೆ ಕರೆತಂದೆ. ಮಾಸ್ತರ್ ಎದ್ದು ನಿಂತು, "ಬರ್ರಿ ಅವ್ವಾರ, ಕೂಡ್ರಿ," ಎಂದು ತಮ್ಮ ಕುರ್ಚಿಯನ್ನೇ ಅವಳಿಗೆ ಕೊಟ್ಟರು. ಅವರೂ ಅವಳ ಮುಂದೆ ಆ ಮಾತನ್ನು ಎಂದೂ ಎತ್ತಲಿಲ್ಲ. ಅಮ್ಮ ಆರು ವರ್ಷ ನನ್ನ ಜೊತೆಗಿದ್ದಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಅವಳನ್ನು ಕಳೆದುಕೊಂಡೆ. ಅವಳು ಬದುಕಿದ್ದಾಗಲೇ ಒಮ್ಮೆ ನನ್ನ ಬಾಯಿಂದ ಸತ್ತಿದ್ದಳು ಎನ್ನುವುದು ಅವಳಿಗೆ ಗೊತ್ತಾಗಲೇ ಇಲ್ಲ. ಅವಳ ಮುಂದೆ ಬಾಯಿ ಬಿಡಲಾಗದ್ದನ್ನು ಈಗ ನಿಮ್ಮೆಲ್ಲರ ಮುಂದೆ ಬರೆದಿದ್ದೇನೆ.

ಆ ಫೋಟೋ ನನ್ನ ಮನೆಯ ಮುಂಬಾಗಿಲಿಗೆ ಎದುರಾಗಿ ನೇತಾಡುತ್ತಿದೆ. ಕಪ್ಪು ಬಿಳುಪಿನದು. ಪಾದಗಳು ಬರೀ ಕಪ್ಪಗೆ ಕಾಣುತ್ತವೆ. ಹಾಗಾಗಿ ಮನೆಗೆ ಬಂದವರಿಗೆ, ಅವರು ಕೇಳಲಿ ಬಿಡಲಿ, ನಾನೇ ಹೇಳುತ್ತೇನೆ: ಇವಳು ನನ್ನ ಅಮ್ಮ, ಕಾರ್ಖಾನೆಯಲ್ಲಿ ಹೆಂಚು ಹೊರುತ್ತಿದ್ದಳು, ಆ ಕಾಲುಗಳ ಬಣ್ಣ ಕೆಂಪು.